ಹೆಸರು ಬರುವ ಮೊದಲಿನ ಸತ್ಕಾರ

ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಬರ್ಫ ಎಂದರೆ ಫ್ರಿಜ್ಜಿನ ಮೇಲಿನ ಖಾನೆ, ಅಷ್ಟೇ. ಅದರಲ್ಲಿ ಹಸಿ ಬಟಾಣಿಯ ಪಾಕೀಟು, ಮಗಳ ಮೊಣಕಾಲಿಗೆ ಇಡುವ ನೀಲಿ ಜೆಲ್ಲಿನ ಚೀಲ, ಬೇಸಿಗೆಯಾದರೆ ಮಾವಿನ ಹಣ್ಣಿನ ರಸದ ಡಬ್ಬಿ. ಬಿಸಿಲು ಏರಿದರೆ ನಲ್ಲಿಯ ನೀರೂ ಕೈ ಸುಡುತ್ತದೆ. ಅಂಥ ಊರಿನ ಹುಡುಗಿ ಬರ್ಫದ ಮೇಲೆ ಸಂಗೀತಕ್ಕೆ ತಕ್ಕಂತೆ ಜಾರುವ, ಹಾರುವ, ಗಿರಗಿರ ತಿರುಗುವ ಫಿಗರ್ ಸ್ಕೇಟಿಂಗ್ ಕಲಿತಳು ಅಂದರೆ ಮಂದಿ ಮೊದಲು ನಗುತ್ತಿದ್ದರು.

"ಅಲ್ರಿ ವೈನಿ, ನಿಮ್ಮ ಮಗಳಿಗೆ ಐಸ್ ಎಲ್ಲಿಂದ ತರ್ತೀರಿ? ಮೀನದಂಗಡಿಯಿಂದೇನು?" ಎಂದು ಪಕ್ಕದ ಮನೆಯಾಕೆ ಕಂಪೌಂಡಿನ ಮೇಲಿಂದ ಕೇಳುತ್ತಿದ್ದಳು. ನಾನೂ ನಗುತ್ತಿದ್ದೆ. ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಕಲಿಸಿದ್ದು ಅದನ್ನೇ. ಎದುರಿನವರು ಏನೇ ಅಂದರೂ ಮೊದಲು ಒಂದು ನಗು, ಕೊನೆಗೆ ಒಂದು ಥ್ಯಾಂಕ್ ಯೂ. ಆ ಎರಡರ ನಡುವೆ ಏನು ಹೇಳಬೇಕು ಎಂಬುದನ್ನು ಅವರು ಕಲಿಸಲಿಲ್ಲ.

ಸ್ಕೇಟುಗಳನ್ನು ಒರೆಸುವ ಕೆಲಸ ನನ್ನದಾಗಿತ್ತು. ಬಿಳಿ ತೊಗಲಿನ ಬೂಟು, ಅದರ ಕೆಳಗೆ ಕತ್ತಿಯಂಥ ಬ್ಲೇಡು, ಬ್ಲೇಡಿನ ತುದಿಗೆ ಗರಗಸದಂಥ ಹಲ್ಲು. ಹಾರುವಾಗ ಆ ಹಲ್ಲನ್ನು ಬರ್ಫಕ್ಕೆ ಊರಿ ಏಳಬೇಕು. ಒಂದು ಹನಿ ನೀರು ಉಳಿದರೂ ತುಕ್ಕು ಹಿಡಿಯುತ್ತದೆಂದು ನಮ್ಮವ್ವನ ಹಳೇ ಇಳಕಲ್ ಸೀರೆಯ ತುಂಡಿನಿಂದ ಒರೆಸುತ್ತಿದ್ದೆ. ಹತ್ತಾರು ವರ್ಷ ಒಗೆದು ಬೆಣ್ಣೆಯಂತಾದ ಆ ಬಟ್ಟೆ ನೀರನ್ನು ಹೀರಿದಷ್ಟು ಅಂಗಡಿಯ ಯಾವ ಟವೆಲ್ಲೂ ಹೀರುತ್ತಿರಲಿಲ್ಲ.

ಆಟ ಶುರುವಾದದ್ದು ನನ್ನ ತವರು ಇಳಕಲ್ಲಿನಲ್ಲಿ. ಅಲ್ಲಿ ನಮ್ಮ ಅಣ್ಣನದು ಕೆಂಪು ಕಲ್ಲು ಕೊಯ್ದು ಪಾಲಿಶ್ ಮಾಡುವ ಸಣ್ಣ ಕಾರ್ಖಾನೆ. ಗಿರಾಕಿಗಳಿಗೆ ಕಲ್ಲು ತೋರಿಸುವ ಉದ್ದನೆಯ ಪಡಸಾಲೆಗೆ ಅವನು ಉಳಿದ ಕಲ್ಲುಗಳನ್ನೇ ಹಾಸಿದ್ದ. ಮುಖ ಕಾಣುವಷ್ಟು ನುಣುಪು. ಮಗಳು ಎರಡನೇ ಇಯತ್ತೆಯಲ್ಲಿದ್ದಾಗ ಅಣ್ಣ ಗಾಲಿಯ ಸ್ಕೇಟು ತಂದುಕೊಟ್ಟ. ಕೆಲಸದವರು ರೊಟ್ಟಿ ಬುತ್ತಿ ಬಿಚ್ಚಿ ಗೋಡೆಗೆ ಒರಗಿ ಕೂತಾಗ ಅವಳು ಆ ಪಡಸಾಲೆಯ ತುದಿಯಿಂದ ತುದಿಗೆ ಸುಂಯ್ ಅಂತ ಹೋಗುವಳು. ನನಗೆ ಜೀವ ಕೈಯಲ್ಲಿ. "ಅಣ್ಣಾ, ಬಿದ್ದಗಿದ್ದಾಳು" ಅಂದರೆ, "ಬೀಳ್ಲಿ ಬಿಡ ತಂಗೆವ್ವ, ಭಾಳ ಅಂದ್ರ ನನ್ನ ಕಲ್ಲ ಒಡದಾವು" ಎಂದು ಅವನು ನಗುವನು. ಅವನಿಗೆ ಹೆಣ್ಣುಮಕ್ಕಳಿಲ್ಲ. ನನ್ನ ಮಗಳನ್ನು ಅವನು ಒಮ್ಮೆಯೂ ಹೆಸರು ಹಿಡಿದು ಕರೆದವನಲ್ಲ, ಯಾವಾಗಲೂ "ನಮ್ಮವ್ವ".

ಮುಂದೆ ಅವಳ ಸಾಲೆಯ ಆಟದ ಸರ್ ಕಣ್ಣಿಗೆ ಬಿದ್ದಳು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋದ ಹಳೇ ಊರಿನ ಭಾಗದಿಂದ ನಮ್ಮಂತೆಯೇ ನವನಗರಕ್ಕೆ ಬಂದ ಮುಸಲ್ಮಾನರ ಮನೆತನ ಅವರದು. ಅವರು ಸ್ವತಃ ಬರ್ಫದ ಮೇಲೆ ಕಾಲಿಟ್ಟವರಲ್ಲ, ವಿಡಿಯೋ ನೋಡಿ ನೋಡಿ ಕಲಿತು ಕಲಿಸುವವರು. ಒಂದು ದಿನ ಮನೆಗೆ ಬಂದು, "ಈಕಿ ಒಂದ ಕಾಲ ಮ್ಯಾಲ ನಿಂತು ತಿರಗೂದ ನೋಡೀರೇನ್ರಿ ಅಕ್ಕಾರ? ಗಾಲಿ ಮ್ಯಾಲ ಇಷ್ಟು ಮಾಡಾಕಿ ಬ್ಲೇಡಿನ ಮ್ಯಾಲ ಏನ ಮಾಡಲಿಕ್ಕಿಲ್ಲ" ಅಂದರು. ಆಮೇಲೆ ಪ್ರತಿ ರಜೆಯಲ್ಲೂ ದೂರದ ಮಹಾನಗರದ ಮಾಲೊಂದರ ಐಸ್ ಅಂಗಳಕ್ಕೆ ಸರ್, ಮಗಳು, ನಾನು ಮೂವರು ಹೋಗುವುದಾಯಿತು; ನಮ್ಮ ಯಜಮಾನರಿಗೆ ಕೆಲಸ ಬಿಟ್ಟು ಬರಲಾಗುತ್ತಿರಲಿಲ್ಲ. ಜನ್ಮದಿನದ ಟೋಪಿ ಹಾಕಿಕೊಂಡ ಮಕ್ಕಳು ಕಂಬಿ ಹಿಡಿದು ಜಾರಾಡುವ ಮೂಲೆ ಬಿಟ್ಟು ಉಳಿದ ಜಾಗದಲ್ಲಿ ಅವಳ ಅಭ್ಯಾಸ. ನಾನು ಶಾಲು ಹೊದ್ದು ಕಾಜಿನ ಗೋಡೆಯ ಈಚೆ ಕೂಡುತ್ತಿದ್ದೆ.

ಹೀಗೆ ಅವಳು ಹದಿನೇಳಕ್ಕೆ ಬಂದಳು. ಆ ಚಳಿಗಾಲದ ರಾಷ್ಟ್ರೀಯ ಸ್ಪರ್ಧೆಗೆ ಮೊದಲು ಸರ್ ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು, ದೇಶದ ತಂಡವನ್ನು ಹೇಗೆ ಆರಿಸುತ್ತಾರೆಂದು ನಮಗೆ ತಿಳಿಸಿ ಹೇಳಿದರು.

"ಪ್ರಪಂಚದ ಜೂನಿಯರ್ ಸ್ಪರ್ಧೆಗೆ ನಮ್ಮ ದೇಶದಿಂದ ಹುಡುಗ್ಯಾರೊಳಗ ಒಂದ ಜಾಗಾ. ಹೋದ ಸಲ ಹೋದವ್ರು ಭಾಳ ಮ್ಯಾಲ ಬಂದಿದ್ರ ಎರಡ ಸಿಗ್ತಿದ್ದವು, ಅದೇನ ಆಗಿಲ್ಲ. ಆ ಒಂದ ಜಾಗಾಕ್ಕ ಹೋಗಬೇಕಂದ್ರ ರಾಷ್ಟ್ರೀಯದೊಳಗ ಗೆದ್ರ ಸಾಲಂಗಿಲ್ಲ. ಹಾರಿದ್ದು, ತಿರುಗಿದ್ದು, ಅದಕ್ಕ ಇಷ್ಟು ಅಂತ ಕನಿಷ್ಠ ಅಂಕ ಇಟ್ಟಾರ. ಅವನ್ನ ಹೊರದೇಶದ ಸ್ಪರ್ಧೆಯೊಳಗ ಗಳಿಸಿರಬೇಕು. ಇಲ್ಲಿದು ನಡಿಯಂಗಿಲ್ಲ."

"ಹೊರದೇಶದ ಸ್ಪರ್ಧೆಗೆ ನಾವ ಹೋಗಬಹುದೇನ್ರಿ?" ಎಂದೆ.

"ಇಲ್ರಿ ಅಕ್ಕಾರ. ನಮ್ಮ ದೇಶದ ಸ್ಕೇಟಿಂಗ್ ಸಂಘದವರು ಹೆಸರ ಕಳಿಸಬೇಕು. ಈ ಸಲ ಒಂದು ಸಣ್ಣ ಸ್ಪರ್ಧೆಗೆ ಇಬ್ಬರ ಹೆಸರ ಕಳಸ್ತಾರಂತ. ರಾಷ್ಟ್ರೀಯದೊಳಗ ಮೊದಲ ಎರಡ ಬಂದವ್ರು. ಆದ್ರ ಕೆಳಗ ಒಂದ ಸಾಲ ಬರದಾರ, ಕಡೀ ತೀರ್ಮಾನ ಸಮಿತಿಯ ವಿವೇಚನೆಗೆ ಬಿಟ್ಟದ್ದು ಅಂತ."

ಮಗಳು ಅವಲಕ್ಕಿ ತಿನ್ನುತ್ತಿದ್ದವಳು ಚಮಚೆ ಕೆಳಗಿಟ್ಟಳು. "ಅಂದ್ರ ಸರ್, ಅಂಕ ಇದ್ರ ಕಳಸ್ತಾರ. ಕಳಿಸಿದ್ರ ಅಂಕ ಸಿಗ್ತಾವ. ಹೌದಿಲ್ರಿ?"

"ಹೌದು ಬೇಟಾ. ಅದಕ್ಕ ಈ ಸಲ ಎರಡರೊಳಗ ಬರಬೇಕು. ಇದ ಬಾಗಲಾ. ಇದೊಂದ ತೆರೆದೈತಿ."

ಜೂನಿಯರ್ ವಯಸ್ಸು ಅವಳಿಗೆ ಇನ್ನು ಅದೊಂದು ವರ್ಷ, ಅದರ ಮುಂದಿನದೊಂದು ವರ್ಷ, ಅಷ್ಟೇ ಉಳಿದಿತ್ತು. ಅವಳು ಮತ್ತೆ ಚಮಚೆ ಎತ್ತಿಕೊಳ್ಳಲಿಲ್ಲ.

ಹೋಗುವ ಮೊದಲು ಬಾದಾಮಿಗೆ ಹೋಗಿ ಬನಶಂಕರಿಗೆ ಗುಳೇದಗುಡ್ಡದ ಕುಪ್ಪಸದ ಖಣ ಇಟ್ಟು ಉಡಿ ತುಂಬಿಸಿ ಬಂದೆವು. ಅಣ್ಣನೇ ಕಾರು ಹೊಡೆದ. ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ಮುದುಕಿಯರ ಹತ್ತಿರ ರೊಟ್ಟಿ, ಮೊಸರು ಕೊಂಡು ತಿಂದೆವು. ಮಗಳು ಕೆನೆಮೊಸರು ಮುಟ್ಟಲಿಲ್ಲ, ತೂಕದ ಹೆದರಿಕೆ. "ನಮ್ಮವ್ವ ಫಾರಿನ್ನಿಗೆ ಹೋಗಿ ಬರ್ಲಿ, ಕೊಡಾ ಗಟ್ಟಲೆ ಮಸರ ತಿನಸ್ತೇನಿ" ಎಂದ ಅಣ್ಣ.

ಸ್ಪರ್ಧೆ ಉತ್ತರದ ಗುಡ್ಡದ ಊರೊಂದರಲ್ಲಿ. ತೀರ್ಪುಗಾರರು ಕಂಬಳಿ ಮೊಣಕಾಲ ಮೇಲೆ ಹಾಕಿಕೊಂಡು ಸಾಲಾಗಿ ಕೂತಿದ್ದರು. ಒಬ್ಬಾಕೆ ಬರೆಯುವಾಗ ಮಾತ್ರ ಕೈಗವಸಿನ ಒಂದು ಬೆರಳು ಬಿಚ್ಚುತ್ತಿದ್ದಳು. ನನ್ನ ಪಕ್ಕ ಮಡಚುವ ಕುರ್ಚಿ ತಂದುಕೊಂಡು ಕೂತ ತಾಯಿಯೊಬ್ಬಳ ಮಗಳು ಪ್ರತಿ ಬೇಸಿಗೆಯೂ ಹೊರದೇಶದಲ್ಲಿ ಅಭ್ಯಾಸ ಮಾಡುವವಳು. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ಊರಿನಲ್ಲಿ ಐಸ್ ಇದೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲವೆಂದೆ. "ಹೌ ಸ್ವೀಟ್" ಅಂದಳು. ನಾನು ನಕ್ಕೆ.

ಅವಳ ಮಗಳು ಒಂದು ಹಾರುವಿಕೆಯಲ್ಲಿ ಬಿದ್ದಳು. ಬಿದ್ದರೆ ಅಂಕ ಕಳೆಯುತ್ತಾರೆ. ನನ್ನ ಮಗಳು ಬೀಳಲಿಲ್ಲ. ಕೊನೆಯ ತಿರುಗಣಿಯಲ್ಲಿ ಅವಳ ಜಡೆಯ ಪಿನ್ನು ಸಡಿಲಾಗಿ ಹೊರಗಿಣುಕುವುದು ನನಗೆ ಅಷ್ಟು ದೂರದಿಂದ ಕಂಡಿತು. ಅದು ಕೆಳಗೆ ಬಿದ್ದರೆ ಅದಕ್ಕೂ ಅಂಕ ಹೋಗುತ್ತದೆ. ಬೀಳಲಿಲ್ಲ. ಮಗಳು ಎರಡನೇ ಸ್ಥಾನ, ಆ ಹುಡುಗಿ ಮೂರನೇ ಸ್ಥಾನ.

ಹೊರಡುವಾಗ ಸಂಘದ ಒಬ್ಬರು, ಕೊರಳಿಗೆ ಕಾರ್ಡು ಹಾಕಿಕೊಂಡವರು, ನಮ್ಮ ಸರ್ ಹೆಗಲ ಮೇಲೆ ಕೈಯಿಟ್ಟು, ಪಾಸ್‌ಪೋರ್ಟ್ ತಯಾರಿಟ್ಟುಕೊಳ್ಳಿ, ಹೆಸರುಗಳನ್ನು ಸಮಿತಿ ಕೂತ ಮೇಲೆ ಹೊರಡಿಸುತ್ತೇವೆ ಎಂದರು. ಅಂದದ್ದು ಇಷ್ಟೇ. ನಾನು ಅಣ್ಣನಿಗೆ ಫೋನಿನಲ್ಲಿ ಹೇಳಿದ್ದೂ ಇಷ್ಟೇ. ಒಂದು ಶಬ್ದ ಹೆಚ್ಚಿಲ್ಲ, ಕಡಿಮೆ ಇಲ್ಲ.

ಇಳಕಲ್ಲಿಗೆ ಬರ್ರಿ, ಊಟಕ್ಕ, ಎಂದು ಅಣ್ಣ ಕರೆದ. ಹುನಗುಂದ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮ ಕಾರು ನಿಧಾನವಾದಾಗ ಮಗಳು, "ಮಮ್ಮಿ, ಅಲ್ನೋಡ" ಅಂದಳು. ದೊಡ್ಡ ಫ್ಲೆಕ್ಸ್ ಬ್ಯಾನರು. "ಭಾರತ ತಂಡಕ್ಕೆ ಆಯ್ಕೆಯಾದ ನಮ್ಮೂರ ಹೆಮ್ಮೆಯ ಕುವರಿಗೆ ಹಾರ್ದಿಕ ಅಭಿನಂದನೆಗಳು." ಮೇಲಿನ ಸಾಲಿನಲ್ಲಿ ಊರ ಹಿರಿಯರ, ಪುಢಾರಿಗಳ ಮುಖಗಳು ದುಂಡು ಚೌಕಟ್ಟಿನಲ್ಲಿ. ನಡುವೆ ಯಾರೋ ಪರದೇಶದ ಹುಡುಗಿಯ ಮೈ, ಅದರ ಮೇಲೆ ನನ್ನ ಮಗಳ ಪಾಸ್‌ಪೋರ್ಟ್ ಫೋಟೋದ ತಲೆ. ಎರಡು ಕಿವಿಯೂ ಕಾಣುವಂತೆ ನೆಟ್ಟಗೆ ನೋಡುವ ತಲೆ. ಕಾಲಲ್ಲಿ ಗಾಲಿಯ ಸ್ಕೇಟು.

ಇಳಕಲ್ಲಿನ ಸಭಾಭವನದಲ್ಲಿ ಮಂದಿಯೋ ಮಂದಿ. ಶಾಲು, ಹಾರ, ಹಣ್ಣಿನ ಬುಟ್ಟಿ, ಕೆಂಪು ಸೆರಗಿನ ಇಳಕಲ್ ಸೀರೆ. ಮಗಳು ವೇದಿಕೆ ಏರುವ ಮೊದಲು ಮಾಮನನ್ನು ಮೂಲೆಗೆ ಕರೆದಳು. ನಾನು ಅಲ್ಲೇ ಇದ್ದೆ.

"ಮಾಮಾ, ಇನ್ನ ಹೆಸರ ಬಂದಿಲ್ಲ. ಆಯ್ಕೆ ಆಗೇನಿ ಅಂತ ಯಾಕ ಬರಿಸಿದಿ?"

"ಬರ್ತೈತಿ ಬಿಡವ್ವ. ಎರಡನೇದ ಬಂದಾಕಿನ್ನ ಬಿಟ್ಟು ಮೂರನೇದಾಕಿನ್ನ ಒಯ್ಯಾಕ ಅವರಿಗೇನ ಹುಚ್ಚ ಹಿಡದೈತಿ?"

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಒಬ್ಬ ಹಿರಿಯರು, "ಸತ್ಕಾರಕ್ಕ ಬ್ಯಾಡ ಅನಬಾರದವ್ವ, ಮಂದೀಗೆ ಬ್ಯಾಸರ ಆಕ್ಕೈತಿ" ಎಂದು ಅವಳ ತಲೆ ಸವರಿದರು. ಅವಳು ಏರಿದಳು. ಪೇಟ ದೊಡ್ಡದಾಗಿತ್ತು, ಹುಬ್ಬಿನ ಮೇಲೆ ಜಾರುತ್ತಿತ್ತು. ಹಾರದ ಮೇಲೆ ಹಾರ ಬೀಳುವಾಗ ಅವಳು ಒಂದು ಕೈಯಿಂದ ಪೇಟ ಎತ್ತಿ ಹಿಡಿದೇ ನಿಂತಿದ್ದಳು. ಎಲ್ಲ ಫೋಟೋದಲ್ಲೂ ಹಾಗೆಯೇ ಇದ್ದಾಳೆ, ಸಲಾಮು ಹೊಡೆಯುವವಳ ಹಾಗೆ.

ಮುಂದಿನ ವಾರ, ಸೋಮವಾರದ ಪೂಜೆ ಮುಗಿಸಿ ವಿಭೂತಿ ಕೈಯಿನ್ನೂ ತೊಳೆದಿರಲಿಲ್ಲ, ಫೋನು ಬಂತು. ಆಯ್ಕೆ ಸಮಿತಿಯ ಕಾರ್ಯದರ್ಶಿ. ಇಂಗ್ಲಿಷಿನಲ್ಲಿ, ತೀರ ನಯವಾಗಿ ಮಾತಾಡಿದರು.

"ಮೇಡಂ, ನಮಗೆ ಒಂದು ಫೋಟೋ ಬಂದಿದೆ. ನಿಮ್ಮ ಮಗಳು ತಾನು ಭಾರತ ತಂಡಕ್ಕೆ ಆಯ್ಕೆಯಾದವಳೆಂದು ಬಹಿರಂಗ ಸಮಾರಂಭದಲ್ಲಿ ಸನ್ಮಾನ ಸ್ವೀಕರಿಸಿದ್ದಾಳೆ. ಸಮಿತಿ ಇನ್ನೂ ಕೂತೇ ಇರಲಿಲ್ಲ."

ಅವಳು ಹೇಳಿಕೊಂಡಿಲ್ಲ ಸರ್, ಅವಳ ಸೋದರಮಾವ ಪ್ರೀತಿಯಿಂದ ಮಾಡಿದ್ದು, ನಮ್ಮ ಕಡೆ ಹಾಗೆ ಮಾಡುತ್ತಾರೆ ಎಂದೆ.

"ನೀವು ವಿದ್ಯಾವಂತರು, ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ಇದು ಸಮಿತಿಯ ಮೇಲೆ ಒತ್ತಡ ತರುವ ಪ್ರಯತ್ನವೆಂದು ಸದಸ್ಯರಿಗೆ ಅನಿಸಿದೆ. ಶಿಸ್ತು ಕೂಡ ಆಯ್ಕೆಯ ಭಾಗ. ಈ ಸಲ ಮೊದಲನೆಯ ಮತ್ತು ಮೂರನೆಯ ಹುಡುಗಿಯರನ್ನು ಕಳಿಸುತ್ತಿದ್ದೇವೆ. ನಿಮ್ಮ ಮಗಳು ಕಾಯ್ದಿಟ್ಟ ಆಟಗಾರ್ತಿ. ಯಾರಿಗಾದರೂ ಪೆಟ್ಟಾದರೆ ಖಂಡಿತ ಕರೆಯುತ್ತೇವೆ."

ಅವಳು ಬೀಳಲಿಲ್ಲವಲ್ಲ ಸರ್, ಆ ಹುಡುಗಿ ಬಿದ್ದಳಲ್ಲ ಎಂದು ಹೇಳಬೇಕಿತ್ತು. ಶಾಲು ಹೊದಿಸಿಕೊಂಡದ್ದಕ್ಕೂ ಬ್ಲೇಡಿನ ಮೇಲೆ ನಿಲ್ಲುವುದಕ್ಕೂ ಏನು ಸಂಬಂಧ ಎಂದು ಕೇಳಬೇಕಿತ್ತು. ಬಾಯಿಗೆ ಬಂದದ್ದು ಥ್ಯಾಂಕ್ ಯೂ ಸರ್. ಫೋನು ಇಟ್ಟ ಮೇಲೆ ನೋಡಿದರೆ ಪರದೆಯ ಮೇಲೆ ವಿಭೂತಿಯ ಬೆರಳಚ್ಚು.

ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. "ಥ್ಯಾಂಕ್ಸ್ ಯಾಕ ಹೇಳಿದಿ ಮಮ್ಮಿ?" ಅಂದಳು. ಅಷ್ಟೇ. ಒಳಗೆ ಹೋಗಿ ಸ್ಕೇಟಿನ ಚೀಲದ ಜಿಪ್ಪು ಎಳೆದ ಸದ್ದಾಯಿತು. ತೆಗೆದಳೋ ಮುಚ್ಚಿದಳೋ ತಿಳಿಯಲಿಲ್ಲ.

ಫೋಟೋ ಯಾರು ಕಳಿಸಿರಬೇಕು? ನನ್ನ ಮನಸ್ಸು ಮಡಚುವ ಕುರ್ಚಿಯ ತಾಯಿಯ ಮೇಲೆ ಹೋಯಿತು. ಸಂಜೆಯ ತನಕ ಆಕೆಯನ್ನು ಮನಸಿನಲ್ಲೇ ಬೈದೆ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ. ಅಣ್ಣನಿಗೆ ಫೋನು ಮಾಡಿ, "ಯಾರೋ ಪಾಪಿ ಸತ್ಕಾರದ ಫೋಟೋ ಸಮಿತಿಗೆ ಕಳಿಸ್ಯಾರ" ಎಂದೆ. ಆ ಕಡೆ ಕಲ್ಲು ಕೊಯ್ಯುವ ಯಂತ್ರದ ಸದ್ದು ಮಾತ್ರ. ಯಾರಿಗೋ ಯಂತ್ರ ನಿಲ್ಲಿಸು ಎಂದು ಕೂಗಿದ. ಸದ್ದು ನಿಂತಿತು.

"ನಾನ ಕಳಿಸೇನಿ ತಂಗೆವ್ವ."

"ನೀನ?"

"ನಿಮ್ಮ ಯಜಮಾನರ ಹತ್ರ ಆ ಕಾರ್ಯದರ್ಶಿ ನಂಬರ ಇಸಗೊಂಡೆ. ಎಲ್ಲಾ ಫೋಟೋ ವಾಟ್ಸಾಪಿನ್ಯಾಗ ಹಾಕಿದೆ. ಸಣ್ಣ ಊರಿನ ಹುಡುಗಿ, ಹಿಂದ ಮುಂದ ಯಾರಿಲ್ಲಂತ ತಿಳ್ಕೊಂಡು ಹೆಸರ ತೆಗಿಬಾರದಲ್ಲ? ಊರಿಗೂರ ಈಕಿ ಬೆನ್ನಿಗೆ ನಿಂತೈತಿ ಅಂತ ಗೊತ್ತಾಗ್ಲಿ ಅಂತ. ನಾಕ ಮಂದಿ ಮುಂದ ಸಕ್ಕರಿ ಹಂಚಿದ ಮ್ಯಾಲ ಯಾವ ಬೀಗರು ಮಾತ ತಿರಗಸ್ಯಾರ, ನೀನ ಹೇಳು."

ನಮ್ಮ ಕಡೆ ಸಂಬಂಧ ಕುದುರಿತೆಂದರೆ ಹಿರಿಯರ ಮುಂದೆ ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕುತ್ತಾರೆ. ಆಮೇಲೆ ಒಲ್ಲೆ ಅನ್ನುವುದು ಇಲ್ಲ. ಅಂದವರು ಊರಲ್ಲಿ ತಲೆ ಎತ್ತುವ ಹಾಗಿಲ್ಲ. ಅಣ್ಣ ಸಮಿತಿಯವರನ್ನು ಬೀಗರೆಂದು ತಿಳಿದಿದ್ದ. ಶಾಲು ಹಾಕಿದ್ದು, ಬ್ಯಾನರು ಕಟ್ಟಿದ್ದು, ಊಟ ಹಾಕಿದ್ದು ಹೆಮ್ಮೆಗೆ ಮಾತ್ರ ಅಲ್ಲ, ಅವರ ಮಾತನ್ನು ಗಟ್ಟಿ ಮಾಡುವುದಕ್ಕೆ. ನಾಚಿಕೆ ಎಂಬುದು ಎಲ್ಲರಿಗೂ ಒಂದೇ ಕಡೆ ಇರುತ್ತದೆ ಎಂದು ಅವನು ನಂಬಿದ್ದ.

ಅವನನ್ನು ಬೈಯಲು ನನಗಾಗಲಿಲ್ಲ. "ಊಟಾ ಮಾಡಿದೇನು?" ಎಂದು ಕೇಳಿ ಫೋನಿಟ್ಟೆ.

ಆದರೂ ಒಂದು ಮಾತು ಹೇಳಬೇಕು. ಸಮಿತಿಗೆ ಆ ಫೋಟೋ ಸಿಗದೆ ಇದ್ದಿದ್ದರೆ ಬೇರೇನಾದರೂ ಸಿಗುತ್ತಿತ್ತು ಎಂದು ಸರ್ ಈಗಲೂ ಅನ್ನುತ್ತಾರೆ. "ವಿವೇಚನೆ ಅಂದ್ರ ಏನ್ರಿ ಅಕ್ಕಾರ? ಬ್ಯಾಡಾದಾಕಿಗೆ ಕಾರಣ ಹುಡಕೂದು." ಇರಬಹುದು. ಆದರೆ ಬೇರೆ ಕಾರಣ ಅವರೇ ಹುಡುಕಬೇಕಾಗಿತ್ತು. ನಾವು ಇದನ್ನು ಹಾರ ಹಾಕಿ ಕಳಿಸಿಕೊಟ್ಟೆವು.

ಮೂರನೆಯ ಹುಡುಗಿ ಹೋದಳು. ಜತೆಗೆ ಹೋದ ಮೊದಲನೆಯವಳು ದೂರವೇ ಉಳಿದಳು, ಇವಳು ಕನಿಷ್ಠ ಅಂಕಕ್ಕೆ ತೀರ ಹತ್ತಿರ ಹೋಗಿ ಬಂದಳು. ಮರುವರ್ಷ ಸಮಿತಿ ಹೊರದೇಶದ ಸ್ಪರ್ಧೆಗೆ ಒಬ್ಬಳನ್ನೇ ಕಳಿಸುವುದೆಂದೂ, ಅಂಕಕ್ಕೆ ಹತ್ತಿರವಿದ್ದವಳಿಗೇ ಅವಕಾಶವೆಂದೂ ನಿರ್ಧರಿಸಿತು. ಹತ್ತಿರವಿದ್ದವಳು ಅವಳೇ. ಹೋದಳು, ಈ ಸಲ ಅಂಕ ತಂದಳು. ಅದಾದ ಮೇಲೆ ನಡೆದ ರಾಷ್ಟ್ರೀಯ ಸ್ಪರ್ಧೆಯಲ್ಲಿ ನನ್ನ ಮಗಳು ಮೊದಲ ಸ್ಥಾನಕ್ಕೆ ಬಂದಳು. ಎತ್ತರದ ಹಲಗೆಯ ಮೇಲೆ ನಿಂತಳು, ಪದಕ ಹಾಕಿಸಿಕೊಂಡಳು. ಕೆಳಗಿನ ಹಲಗೆಯ ಮೇಲೆ ನಿಂತ ಆ ಹುಡುಗಿ, ಅಂಕವಿದ್ದವಳು, ಪ್ರಪಂಚದ ಸ್ಪರ್ಧೆಗೆ ಹೋದಳು. ಇದರಲ್ಲಿ ಒಂದು ನಿಯಮವನ್ನೂ ಯಾರೂ ಮುರಿದಿಲ್ಲ. ಪ್ರತಿ ಸಾಲನ್ನೂ ಸರ್ ನನಗೆ ಓದಿ ತೋರಿಸಿದರು. ಎಲ್ಲ ಸರಿಯಿದೆ. ಮಡಚುವ ಕುರ್ಚಿಯ ತಾಯಿ ಬಂದು ನನ್ನ ಕೈ ಹಿಡಿದು, ನಿಮ್ಮ ಮಗಳದು ಎಷ್ಟು ಚೆಂದದ ತಿರುಗಣಿ ಎಂದು ಮನಸಾರೆ ಹೊಗಳಿದಳು. ಆ ವರ್ಷದ ಕೊನೆಗೆ ನನ್ನ ಮಗಳ ಜೂನಿಯರ್ ವಯಸ್ಸು ಮುಗಿಯಿತು.

ಊರಿನವರಿಗೆ ಇದನ್ನೆಲ್ಲ ಹೇಗೆ ಹೇಳುವುದು? ಬ್ಯಾನರಿನಲ್ಲಿ ಓದಿದ್ದು ಅವರ ಪಾಲಿಗೆ ಆಗಿಹೋದದ್ದೇ. ಸಂತೆಯಲ್ಲಿ ಮೆಂತ್ಯ ಪಲ್ಲೆ ಆರಿಸುವಾಗ ಒಬ್ಬಾಕೆ, "ಫಾರಿನ್ನಿಂದ ಏನ ತಂದ್ಳರಿ ಮಗಳು?" ಎಂದು ಕೇಳಿದಳು. "ಏನಿಲ್ಲರಿ" ಅಂದೆ. "ಹೇಳೂದಿಲ್ಲ ನೋಡ, ಮುಚ್ಚಿ ಇಡ್ತಾರ" ಎಂದು ಪಕ್ಕದವಳಿಗೆ ಕಣ್ಣು ಹೊಡೆದಳು.

ಮೊನ್ನೆ ಅಣ್ಣನ ಮಗನ ಸಂಬಂಧ ಕುದುರಿತು. ಸಕ್ಕರೆ ಹಂಚುವುದಕ್ಕೆಂದು ಇಳಕಲ್ಲಿಗೆ ಹೋದೆವು. ಹುನಗುಂದದ ಬ್ಯಾನರು ಎಂದೋ ಹೋಗಿ ಅಲ್ಲಿ ಇನ್ಯಾರದೋ ಹುಟ್ಟುಹಬ್ಬದ್ದು ಇತ್ತು. ಈ ಎರಡು ವರ್ಷ ಮಗಳು ಮಾಮನ ಜತೆ ಮಾತು ಬಿಟ್ಟಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ. ಅವನೂ "ನಮ್ಮವ್ವ" ಅನ್ನುವುದನ್ನು ಬಿಟ್ಟು ಹೆಸರು ಹಿಡಿದು ಕರೆಯತೊಡಗಿದ್ದ. ಅದನ್ನು ಮನೆಯಲ್ಲಿ ನನ್ನ ಹೊರತು ಯಾರೂ ಗಮನಿಸಿದಂತಿಲ್ಲ.

ಸಕ್ಕರೆ ಹಂಚಿದ್ದಾಯಿತು. ಬೀಗರು, ಬೀಗಿತ್ತಿಯರು, ನಗು, ಕೇಕೆ. ಅಣ್ಣ ತಟ್ಟೆ ಹಿಡಿದು ಎಲ್ಲರ ಬಾಯಿಗೂ ಸಕ್ಕರೆ ಹಾಕುತ್ತ ಬಂದವನು ಮಗಳ ಮುಂದೆ ಬಂದು ನಿಂತ. ಅವಳು ಬಾಯಿ ತೆರೆಯಲಿಲ್ಲ, ಅಂಗೈ ಒಡ್ಡಿದಳು. ಅವನು ಅಂಗೈಗೆ ಹಾಕಿ ಮುಂದೆ ಹೋದ.

ಊಟದ ನಂತರ ಅವಳು ಕಾರ್ಖಾನೆಯ ಕಡೆ ನಡೆದಳು. ನಾನೂ ಹೋದೆ, ಹಿಂದೆ ಅಣ್ಣ. ಅಂಗಳದಲ್ಲಿ ಪಾಲಿಶ್ ಆದ ಕಲ್ಲುಗಳನ್ನು ನಿಲ್ಲಿಸಿ ಮೇಲೆ ಏನೋ ಹೊದಿಸಿದ್ದರು. ಹತ್ತಿರ ಹೋದರೆ ಅಂಥದ್ದೇ ಇನ್ನೊಂದು ಬ್ಯಾನರು, ಆಗ ಇಳಕಲ್ಲಿನಲ್ಲಿ ಕಟ್ಟಿದ್ದು. ಬಿಸಿಲಿಗೆ ಹಿರಿಯರ ಮುಖಗಳು ನೀಲಿಯಾಗಿದ್ದವು. ಮಗಳ ಮುಖದ ಮೇಲೆ ಕಲ್ಲಿನ ಕೆಂಪು ಧೂಳು ಕೂತಿತ್ತು. "ಆಯ್ಕೆಯಾದ" ಎಂಬ ಶಬ್ದ ಮಾತ್ರ ಇನ್ನೂ ಸ್ಪಷ್ಟ.

"ಒಗೀಬೇಕಂತ ಮಾಡಿದ್ದೆ" ಎಂದ ಅಣ್ಣ. "ಕೈ ಬರ್ಲಿಲ್ಲ."

"ಇರ್ಲಿ ಮಾಮಾ, ಗಟ್ಟಿ ಐತಿ, ಮಳೀಗೆ ಬೇಕಾಕ್ಕೈತಿ," ಎಂದಳು ಮಗಳು. "ಮಾರಿ ಕೆಳಗ ಮಾಡಿ ಹೊಚ್ಚಸ್ರಿ."

ಅವಳು ಎಂದೂ ಅವನಿಗೆ "ರಿ" ಹಚ್ಚಿ ಮಾತಾಡಿದವಳಲ್ಲ. ಅಣ್ಣ ಕೆಲಸದವರನ್ನು ಕರೆಯಲಿಲ್ಲ. ತಾನೇ ಒಂದು ತುದಿ ಹಿಡಿದ, ಇನ್ನೊಂದು ತುದಿ ನಾನು ಹಿಡಿದೆ. ಮಗುಚಿ ಹಾಕಿದೆವು. ಹಿಂದಿನ ಮಗ್ಗುಲು ಬರೀ ಬಿಳುಪು.

ಮಗಳು ಅಷ್ಟರಲ್ಲಿ ಪಡಸಾಲೆಗೆ ಕಾಲಿಟ್ಟಿದ್ದಳು. ಯಾರೋ ಆಗಷ್ಟೇ ನೀರು ಹಾಕಿ ತೊಳೆದಿದ್ದರು. ಅಣ್ಣ ಬ್ಯಾನರಿನ ತುದಿ ಬಿಟ್ಟು, "ಹಗೂರವ್ವ, ಕಲ್ಲ ಜಾರತೈತಿ!" ಎಂದು ಕೂಗಿದ. ಅವಳು ತಿರುಗಿ ನೋಡಲಿಲ್ಲ. ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಊರಿ, ಎಲ್ಲರೂ ನಡೆಯುವ ಹಾಗೆ ನಡೆದುಹೋದಳು.